ಯೀಸ್ಟ್ ಪಾಠಕ್ಕೆ ಹೋದ ಬುತ್ತಿ ಗಂಟುಗಳು

ರಾಯಚೂರಿನ ಒಂದು ಕಾಲೇಜಿನಲ್ಲಿ ನಾನು ಜೀವಶಾಸ್ತ್ರ ಕಲಿಸುತ್ತೇನೆ. ಎಂಥ ಕಷ್ಟದ ಪಾಠವನ್ನೂ ಮನೆಯ ಸಾಮಾನು ತೋರಿಸಿ ಸುಲಭ ಮಾಡುವುದರಲ್ಲಿ ಈ ಜಿಲ್ಲೆಯಲ್ಲೇ ನನ್ನ ಸರಿಸಮಾನರಿಲ್ಲ ಎಂಬುದು ನನ್ನ ನಂಬಿಕೆ. ಬೇರೆ ಯಾರೂ ಹಾಗೆ ಹೇಳಿಲ್ಲ, ಅದು ಬೇರೆ ಮಾತು. ಹೃದಯದ ಪಾಠಕ್ಕೆ ಮನೆಯ ನೀರೆತ್ತುವ ಮೋಟರನ್ನೇ ಬಿಚ್ಚಿಕೊಂಡು ಹೋಗಿದ್ದೆ. ಆ ದಿನ ಮನೆಯಲ್ಲಿ ಯಾರೂ ಸ್ನಾನ ಮಾಡಲಿಲ್ಲ, ಆದರೆ ಹುಡುಗರಿಗೆ ಹೃದಯ ಅರ್ಥವಾಯಿತು. ಇಂಥ ಹಿನ್ನೆಲೆಯ ಮನುಷ್ಯ ಕಣ್ಣೆದುರಿಗೆ ಬುತ್ತಿ ಗಂಟು ಕಂಡಾಗ ಸುಮ್ಮನಿರುವುದು ಹೇಗೆ?

ಗಂಟು ಇದ್ದದ್ದು ಎರಡು. ಒಂದು ದೇವದುರ್ಗದಲ್ಲಿರುವ ನಮ್ಮ ಮಗಳು ಭಾಗ್ಯಳಿಗೆ. ಅವಳು ಬಸುರಿ, ಹುಳಿ ತಿನ್ನುವ ಬಯಕೆ. ಅದಕ್ಕೆ ನನ್ನ ಹೆಂಡತಿ ಶರಣಮ್ಮ ಹುಣಸೆಕಾಯಿ ತೊಕ್ಕು, ಉಪ್ಪು ಖಾರ ಹಚ್ಚಿದ ಮಾವಿನಕಾಯಿ, ನೆಲ್ಲಿಕಾಯಿ, ಜೊತೆಗೆ ಹಸಿರು ಬಳೆ, ಹಸಿರು ಕುಬಸ ಎಲ್ಲ ಇಟ್ಟು ಬಯಕೆ ಬುತ್ತಿ ಕಟ್ಟಿದ್ದಳು. ಇನ್ನೊಂದು ಮಾನ್ವಿಗೆ, ನಮ್ಮ ಮಗ ಮಹೇಶನಿಗೆ ನೋಡಿದ ಹುಡುಗಿ ರೇಣುಕಾಳ ಮನೆಗೆ. ಅದರಲ್ಲಿ ಶೇಂಗಾ ಹೋಳಿಗೆ, ಚಕ್ಕುಲಿ, ಕಡಕ್ ರೊಟ್ಟಿ. ಮಾತುಕತೆ ಎಲ್ಲ ಮುಗಿದು, ನಿಶ್ಚಯದ ದಿನ ಗೊತ್ತು ಮಾಡುವುದಷ್ಟೇ ಬಾಕಿ ಇತ್ತು. ಕಲ್ಲೂರಿನ ಶಾಲೆಯಲ್ಲಿ ಮೇಷ್ಟ್ರಾಗಿರುವ ಮಹೇಶ ಅದುವರೆಗೆ ನೋಡಿದ ಹುಡುಗಿಯರಿಗೆಲ್ಲ ಏನಾದರೂ ಒಂದು ಕೊಂಕು ತೆಗೆದವನು. ರೇಣುಕಾಳನ್ನು ಕಂಡು ಬಂದ ಮೇಲೆ ಮಾತ್ರ ಊಟದ ತಟ್ಟೆ ನೋಡಿಯೂ ನಗುತ್ತಿದ್ದ. ಈ ಸಂಬಂಧ ತಪ್ಪಿದರೆ ಅವನು ಮದುವೆಯ ಮಾತೇ ಎತ್ತಗೊಡುವುದಿಲ್ಲ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು.

ಎರಡು ಗಂಟೂ ನನ್ನ ಒಂದೇ ಹಳೆಯ ಧೋತರ ಹರಿದು ಕಟ್ಟಿದವು, ನೋಡಲು ಅವಳಿ ಜವಳಿ. ಗುರುತಿಗೆಂದು ಶರಣಮ್ಮ ಒಂದಕ್ಕೆ ಕೆಂಪು ದಾರ, ಇನ್ನೊಂದಕ್ಕೆ ಹಳದಿ ದಾರ ಕಟ್ಟಿದ್ದಳು.

"ಕೆಂಪು ದೇವದುರ್ಗಕ್ಕ, ಹಳದಿ ಮಾನ್ವಿಗೆ. ಡ್ರೈವರ್ ಕೈಯಾಗ ಕೊಟ್ಟು ಬರ್ರಿ. ಅಲ್ಲಿ ಬಸ್ ಸ್ಟ್ಯಾಂಡಿಗೆ ಬಂದು ಇಳಿಸಿಕೊಳ್ತಾರ, ಎರಡೂ ಕಡಿ ಫೋನ್ ಮಾಡೀನಿ," ಎಂದಳು.

ನನ್ನ ತಲೆಯಲ್ಲಿ ದೀಪ ಹೊತ್ತಿದ್ದೇ ಆಗ. ಅಂದಿನ ಪಾಠ, ಯೀಸ್ಟ್ ಕೋಶದೊಳಗೆ ಪ್ರೋಟೀನುಗಳು ತಮ್ಮ ತಮ್ಮ ಜಾಗಕ್ಕೆ ಹೇಗೆ ಹೋಗುತ್ತವೆ ಎಂಬುದು. "ಶರಣಮ್ಮ, ನೀ ಕಟ್ಟಿದ್ದು ದಾರ ಅಲ್ಲ, ಸಿಗ್ನಲ್ ಸೀಕ್ವೆನ್ಸ್," ಎಂದೆ.

"ಏನರ ಇರಲಿ, ಕ್ಲಾಸಿಗೆ ಒಯ್ಯಬ್ಯಾಡ್ರಿ."

ಒಯ್ದೆ.

ಆ ದಿನದ ಪಾಠ ಎಷ್ಟು ಚೆನ್ನಾಗಿ ಆಯಿತೆಂದು ಈಗಲೂ ಹೇಳಿಕೊಳ್ಳಬೇಕು ಅನಿಸುತ್ತದೆ. ಬೇಕರಿಯ ಬನ್ನು ಉಬ್ಬಿಸುವ ಯೀಸ್ಟ್ ಇದೆಯಲ್ಲ, ಅದು ಒಂದೇ ಒಂದು ಕೋಶದ ಜೀವಿ. ಅಷ್ಟು ಸಣ್ಣದರಲ್ಲೂ ಎಷ್ಟೋ ಕೋಣೆಗಳು. ಪ್ರೋಟೀನು ತಯಾರಾಗುವುದು ಒಂದು ಕಡೆ, ದುಡಿಯಬೇಕಾದದ್ದು ಇನ್ನೊಂದು ಕಡೆ. ಸಕ್ಕರೆ ಒಡೆಯುವ ಪ್ರೋಟೀನಂತೂ ಕೋಶದ ಹೊರಗೇ ಹೋಗಬೇಕು. ಅದಕ್ಕೆ ದಾರಿ ಹೇಳುವವರು ಯಾರು? ಅದರ ಮುಂತುದಿಯಲ್ಲೇ ಅಮೈನೋ ಆಮ್ಲಗಳ ಒಂದು ತುಂಡು ಗುರುತಾಗಿ ಇರುತ್ತದೆ, ಅದೇ ಸಿಗ್ನಲ್ ಸೀಕ್ವೆನ್ಸ್. ಕೋಶದ ಹಮಾಲರು ಆ ಗುರುತು ನೋಡಿ ಅದನ್ನು ಸರಿಯಾದ ಬಾಗಿಲಿಗೆ ಒಯ್ಯುತ್ತಾರೆ. ಬಾಗಿಲು ದಾಟಿತೋ, ಒಳಗಿರುವ ಕತ್ತರಿಯಂಥ ಕಿಣ್ವ ಆ ಗುರುತನ್ನು ಕತ್ತರಿಸಿ ಎಸೆಯುತ್ತದೆ. ಕೋಶಕೇಂದ್ರಕ್ಕೆ ಹೋಗುವ ಪ್ರೋಟೀನುಗಳ ಗುರುತು ಮಾತ್ರ ಕತ್ತರಿಸುವುದಿಲ್ಲ, ಅದು ಕೊನೆಯವರೆಗೂ ಮೈಗೆ ಅಂಟಿಕೊಂಡೇ ಇರುತ್ತದೆ.

ಹುಡುಗರನ್ನೇ ಹಮಾಲರನ್ನಾಗಿ ಮಾಡಿದೆ. ಗಂಟುಗಳು ಕೈಯಿಂದ ಕೈಗೆ, ಬೆಂಚಿನಿಂದ ಬೆಂಚಿಗೆ ಸುತ್ತಿ ಮೇಜಿಗೆ ಬಂದವು. ನಾನು ಕತ್ತರಿ ಎತ್ತಿ ಹಿಡಿದು, ಚಕ್ ಚಕ್ ಎಂದು ಎರಡೂ ದಾರ ಕತ್ತರಿಸಿದೆ. ಚಪ್ಪಾಳೆ ಬಿತ್ತು.

ಮುಂದಿನ ಬೆಂಚಿನ ಒಬ್ಬ ಹುಡುಗಿ ಎದ್ದು ನಿಂತಳು. "ಸರ್, ಬಾಗಿಲು ದಾಟೂಕಿಂತ ಮೊದಲ ಕತ್ತರಿಸಿದ್ರ ಏನಾಗ್ತದ್ರಿ?"

"ಜೀವಕೋಶ ಅಂಥ ದಡ್ಡ ಕೆಲಸ ಮಾಡಂಗಿಲ್ಲಮ್ಮ," ಎಂದೆ. ಒಂದು ಕೈಯಲ್ಲಿ ಕೆಂಪು ದಾರ, ಇನ್ನೊಂದರಲ್ಲಿ ಹಳದಿ ದಾರ ಇತ್ತು. ಮೇಜಿನ ಮೇಲೆ ಎರಡು ಬಿಳಿಯ ಗಂಟು ಇದ್ದವು. ಯಾವ ದಾರ ಯಾವ ಗಂಟಿನದು ಎಂದು ನನಗೇ ಗೊತ್ತಿರಲಿಲ್ಲ.

ಬಿಚ್ಚಿ ನೋಡುವಂತಿಲ್ಲ. ಒಬ್ಬರಿಗೆಂದು ಕಟ್ಟಿದ ಬುತ್ತಿಯನ್ನು ದಾರಿಯಲ್ಲಿ ಬಿಚ್ಚಬಾರದು ಎಂಬುದು ನಮ್ಮ ಮನೆಯ ಪದ್ಧತಿ. ಬಿಚ್ಚಿದರೂ ಶರಣಮ್ಮನ ಹಾಗೆ ಮತ್ತೆ ಗಂಟು ಹಾಕಲು ನನಗೆ ಬರುವುದಿಲ್ಲ. ಫೋನ್ ಮಾಡಿ ಕೇಳುವುದಂತೂ ಸಾಧ್ಯವೇ ಇರಲಿಲ್ಲ, ಅದು ತಪ್ಪೊಪ್ಪಿಗೆ ಬರೆದುಕೊಟ್ಟಂತೆ. ಮೂಸಿ ನೋಡಿದೆ. ಕೈಯಿಂದ ಕೈಗೆ ಸುತ್ತಿ ಬಂದ ಎರಡರಲ್ಲೂ ಹುಡುಗರ ಹೇರ್ ಆಯಿಲ್ ವಾಸನೆ ಬಂತು. ಕೊನೆಗೆ ವಿಜ್ಞಾನಿಯ ಹಾಗೆ ತೂಗಿ ನೋಡಿದೆ. ಬೀಗರಾಗುವವರಿಗೆ ಯಾರಾದರೂ ಕಡಿಮೆ ಕಳಿಸುತ್ತಾರೆಯೇ? ಭಾರದ ಗಂಟೇ ಮಾನ್ವಿಯದು ಎಂದು ತೀರ್ಮಾನಿಸಿ ಅದಕ್ಕೆ ಹಳದಿ ದಾರ ಕಟ್ಟಿದೆ. ತಾಯಿಯ ಕೈ ಮಗಳ ಬುತ್ತಿಯಲ್ಲೇ ಧಾರಾಳವಾಗುತ್ತದೆ ಎಂಬುದು ನನ್ನ ಪಠ್ಯಪುಸ್ತಕದಲ್ಲಿ ಇರಲಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ ಇಬ್ಬರು ಡ್ರೈವರುಗಳಿಗೂ ದಾರದ ಬಣ್ಣ ತೋರಿಸಿ, ಹೇಳಿದ್ದನ್ನೇ ಹೇಳಿ ಕೊಟ್ಟೆ. ಕಲ್ಮಲದವರೆಗೆ ಎರಡೂ ಬಸ್ಸಿಗೆ ಒಂದೇ ದಾರಿ. ಅಲ್ಲಿಂದ ನನ್ನ ಬುದ್ಧಿವಂತಿಕೆ ಎರಡು ದಿಕ್ಕಿಗೆ ಹಂಚಿಹೋಯಿತು.

ಮಧ್ಯಾಹ್ನ ಊಟಕ್ಕೆ ಕೂತಾಗ ಭಾಗ್ಯಳ ಫೋನ್ ಬಂತು. ಅಳುತ್ತಿದ್ದಳು. "ಅಪ್ಪಾ, ಹುಣಸಿ ತೊಕ್ಕು ಕೇಳಿದ್ರ ಹೋಳಿಗಿ ಕಳಿಸೀರಲ್ಲ. ಬೆಲ್ಲದ ವಾಸನಿಗೇ ನನಗ ಹೊಟ್ಟಿ ತೊಳಸ್ತದ. ನಮ್ಮತ್ತಿ ಮಾತ್ರ ಕುಂತು ತಿನ್ನಾಕತ್ತಾರ."

ಹಾಗಾದರೆ ಮಾನ್ವಿಯಲ್ಲಿ ಈಗ ಬಿಚ್ಚುತ್ತಿರುವುದು ಏನು ಎಂದು ಯೋಚಿಸಿದೆ. ಅಷ್ಟರಲ್ಲಿ ಶರಣಮ್ಮನ ಫೋನೂ ಹೊಡೆದುಕೊಂಡಿತು. ರೇಣುಕಾಳ ತಾಯಿ. ಅವರ ದನಿ ನನಗೂ ಕೇಳುತ್ತಿತ್ತು.

"ಬೀಗರ ಬುತ್ತಿ ಬಂದಾದ ಅಂತ ಓಣಿ ಹೆಣ್ಮಕ್ಕಳನ್ನ ಕರದು, ಅವರ ಮುಂದ ಬಿಚ್ಚೀವ್ರಿ. ಹುಣಸಿ ತೊಕ್ಕು, ಮಾವಿನಕಾಯಿ, ಹಸರು ಕುಬಸ. ನಮ್ಮ ಮನ್ಯಾಗ ಬಯಕಿ ಯಾರಿಗದ ಅಂತ ತಿಳಕೊಂಡೀರಿ?"

ಫೋನ್ ಕಟ್ಟಾಯಿತು. ಶರಣಮ್ಮ ನನ್ನನ್ನು ನೋಡಿದಳು. "ಕ್ಲಾಸಿಗೆ ಒಯ್ದಿದ್ರಿ," ಎಂದಳು. ಅದು ಪ್ರಶ್ನೆಯಾಗಿರಲಿಲ್ಲ.

ಇಬ್ಬರೂ ಮಾನ್ವಿ ಬಸ್ಸು ಹತ್ತಿದೆವು. ಬಸ್ಸು ಕಲ್ಲೂರು ದಾಟುವಾಗ ಮಹೇಶನ ಫೋನ್ ಬಂತು. "ಅಪ್ಪಾ, ರೇಣುಕಾ ಫೋನ್ ಎತ್ತವಲ್ಲಳು. ಏನರ ಆಗ್ಯಾದೇನು?" ಅವನ ದನಿ ಕೇಳಿ ನನಗೆ ನಿಜಕ್ಕೂ ಸಂಕಟವಾಯಿತು. "ನೆಟ್‌ವರ್ಕ್ ಇರಲಿಕ್ಕಿಲ್ಲಪ್ಪ," ಎಂದೆ. ಶರಣಮ್ಮ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು.

ರೇಣುಕಾಳ ಮನೆಯಲ್ಲಿ ಕುಡಿಯಲು ನೀರು ಕೊಟ್ಟರು. ಚಹಾ ಬರಲಿಲ್ಲ. ಹುಡುಗಿಯ ತಂದೆ ಕುರ್ಚಿಯಲ್ಲಿ ಬಿಗಿದುಕೊಂಡು ಕೂತಿದ್ದರು. ತಾಯಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಅಜ್ಜಿ ಹೊರಸಿನ ಮೇಲೆ ಕೂತು ಅಡಿಕೆ ಕತ್ತರಿಸುತ್ತಿದ್ದರು. ಗಂಟು ನಡುಮನೆಯಲ್ಲೇ ಬಿಚ್ಚಿಕೊಂಡು ಬಿದ್ದಿತ್ತು.

"ಮಗಳ ಬುತ್ತಿ ಅದಲುಬದಲಾಗಿ ಬಂದಾದ್ರಿ, ತಪ್ಪಾತು," ಎಂದು ಶರಣಮ್ಮ ಹೇಳಿ ಮುಗಿಸಿದ್ದಳು. ಅಲ್ಲಿಗೇ ಬಿಟ್ಟಿದ್ದರೆ ಚಹಾ ಬರುತ್ತಿತ್ತು. ಆದರೆ ಕಾರಣವನ್ನು ವೈಜ್ಞಾನಿಕವಾಗಿ ವಿವರಿಸುವುದು ನನ್ನ ಕರ್ತವ್ಯವೆನಿಸಿತು. ಯೀಸ್ಟ್ ಕೋಶ, ಗುರುತಿನ ತುಂಡು, ಹಮಾಲರು, ಕತ್ತರಿ, ಎಲ್ಲವನ್ನೂ ಸವಿಸ್ತಾರವಾಗಿ ಹೇಳಿದೆ. ತಂದೆಯ ಹುಬ್ಬು ಮೇಲೇರುತ್ತ ಹೋಯಿತು.

"ಯೀಸ್ಟ್ ಅಂದ್ರ ಎಂಥ ಪ್ರಾಣೀನೋ ಮಾಸ್ತರ?" ಅಜ್ಜಿ ಕೇಳಿದರು.

ನನ್ನ ಬದುಕಿನಲ್ಲಿ ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರ ಕೊಡದೆ ಬಿಟ್ಟವನಲ್ಲ. "ಭಾಳ ಸಣ್ಣ ಜೀವ ಯವ್ವಾ," ಎಂದು ಉತ್ಸಾಹದಿಂದ ಹೇಳಿದೆ. "ಅದರ ವಿಶೇಷ ಏನಂದ್ರ, ಅದಕ್ಕ ಗಂಡು ಬೇಕಂತಿಲ್ಲ, ಮದಿವಿ ಬೇಕಂತಿಲ್ಲ. ತನ್ನ ಪಾಡಿಗೆ ತಾನ ಮರಿ ಹಾಕ್ತದ."

ಅಡಕತ್ತರಿ ಅಡಿಕೆಯಲ್ಲೇ ನಿಂತಿತು. ನಾನು ಏನು ಹೇಳಿದೆ, ಯಾವ ಬುತ್ತಿಯ ಮುಂದೆ ಹೇಳಿದೆ ಎಂಬುದು ನನಗೆ ಹೊಳೆಯುವಷ್ಟರಲ್ಲಿ ಹುಡುಗಿಯ ತಂದೆ ಕುರ್ಚಿಯಿಂದ ಎದ್ದಾಗಿತ್ತು. ಶರಣಮ್ಮ ಸೆರಗನ್ನು ಹಣೆಯವರೆಗೆ ಎಳೆದುಕೊಂಡಳು. ಮಹೇಶನ ಮದುವೆ ನನ್ನ ಕಣ್ಣ ಮುಂದೆಯೇ ಮುರಿಯುತ್ತಿತ್ತು, ಮತ್ತೆ ಕಟ್ಟಲು ನನ್ನ ಹತ್ತಿರ ಯಾವ ಬಣ್ಣದ ದಾರವೂ ಇರಲಿಲ್ಲ.

ಅಜ್ಜಿ ಮಾತ್ರ ನಿಧಾನವಾಗಿ ಬಾಗಿ, ಬೆರಳಿನಿಂದ ಒಂದಿಷ್ಟು ತೊಕ್ಕು ತೆಗೆದು ನಾಲಿಗೆಗೆ ಹಚ್ಚಿಕೊಂಡರು. ಕಣ್ಣು ಮುಚ್ಚಿ ಚಪ್ಪರಿಸಿದರು. ಮತ್ತೆ ಕಣ್ಣು ತೆರೆದು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ನನ್ನನ್ನು ಬಿಟ್ಟು ಶರಣಮ್ಮನ ಕಡೆ ತಿರುಗಿ ಕೇಳಿದರು.

"ಯವ್ವಾ, ಹುಡುಗಗೂ ಇದ ಬುದ್ಧಿ ಅದ ಏನು?"

"ಇಲ್ಲ ಯವ್ವಾ," ಎಂದಳು ಶರಣಮ್ಮ. "ಅವ ನನ್ನ ಹೋಲ್ತಾನ."

ಒಳಗಿನ ಕೋಣೆಯಿಂದ ರೇಣುಕಾ ಕಿಸಕ್ಕೆಂದು ನಕ್ಕದ್ದು ಕೇಳಿತು. ತಾಯಿ ಬಾಯಿಗೆ ಸೆರಗು ಒತ್ತಿಕೊಂಡರು. ತಂದೆ ಸ್ವಲ್ಪ ಹೊತ್ತು ತಡೆದು, ಕೊನೆಗೆ ಅವರೂ ನಗುತ್ತ ಕೂತರು. ಚಹಾ ಬಂತು. ನಿಶ್ಚಯದ ದಿನವೂ ಅಲ್ಲೇ ಗೊತ್ತಾಯಿತು. ತೊಕ್ಕನ್ನು ಮಾತ್ರ ಅಜ್ಜಿ ವಾಪಸು ಕೊಡಲಿಲ್ಲ. ಭಾಗ್ಯಳಿಗೆ ಶರಣಮ್ಮ ಮರುದಿನ ಹೊಸದಾಗಿ ಮಾಡಿ, ತಾನೇ ದೇವದುರ್ಗಕ್ಕೆ ಹೋಗಿ ಕೊಟ್ಟು ಬಂದಳು. ಬಸ್ ಸ್ಟ್ಯಾಂಡಿನವರೆಗೆ ಗಂಟು ಹಿಡಿಯುತ್ತೇನೆ ಎಂದರೂ ನನ್ನ ಕೈಗೆ ಕೊಡಲಿಲ್ಲ.

ನಿಶ್ಚಯದ ದಿನ ನಾನು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಜೀವಶಾಸ್ತ್ರದ ಉಪನ್ಯಾಸಕ ಎಂದು ಪರಿಚಯ ಮಾಡಿಕೊಡುತ್ತಾರೆಂದು ಗಂಭೀರವಾಗಿ ನಿಂತಿದ್ದೆ. ಅಜ್ಜಿ ನನ್ನ ರಟ್ಟೆ ಹಿಡಿದು, ಬಂದ ನೆಂಟರ ಮುಂದೆಲ್ಲ ನಿಲ್ಲಿಸಿದರು. "ಇವರ ನೋಡ್ರಿ, ಮದಿವಿ ಅಕ್ಕಿಕಾಳು ಬೀಳೂಕಿಂತ ಮೊದಲ ಬಯಕಿ ಬುತ್ತಿ ಕಳಿಸಿದ ಬೀಗರು."

ಈಗ ಮದುವೆಯೂ ಆಗಿದೆ. ಮಾನ್ವಿಗೆ ಹೋದರೆ ಬಸ್ ಸ್ಟ್ಯಾಂಡಿನಿಂದಲೇ ಜನ ನನ್ನನ್ನು ಬಯಕೆ ಬುತ್ತಿ ಬೀಗರು ಎಂದು ಗುರುತು ಹಿಡಿದು, ಕೇಳದೆಯೇ ಬೀಗರ ಮನೆಯ ದಾರಿ ತೋರಿಸುತ್ತಾರೆ. ಬಾಗಿಲು ದಾಟಿ ಒಳಗೆ ಕೂತರೂ ಆ ಹೆಸರನ್ನು ಯಾರೂ ಕತ್ತರಿಸುವುದಿಲ್ಲ. ಕೆಲವು ಗುರುತು ಕೊನೆಯವರೆಗೂ ಮೈಗೆ ಅಂಟಿಕೊಂಡೇ ಇರುತ್ತವೆ ಎಂದು ನಾನೇ ಕಲಿಸಿದ್ದೆನಲ್ಲ.