ಇಪ್ಪತ್ತೈದು ನಿಮಿಷ ಮುಂದಿದ್ದ ಕಂಪ್ಯೂಟರು

ಜಂಬಪಡುವುದಕ್ಕೆ ದೊಡ್ಡ ಕಾರಣವೇನೂ ಬೇಕಾಗಿಲ್ಲ. ಕೆಲವರಿಗೆ ಮಗಳಿಗೆ ಒಳ್ಳೆಯ ಮನೆ ಸಿಕ್ಕಿದರೆ ಸಾಕು, ಕೆಲವರಿಗೆ ಉಪ್ಪಿನಕಾಯಿ ಬೂಷ್ಟು ಹಿಡಿಯದೆ ವರ್ಷ ದಾಟಿದರೂ ಸಾಕು. ನನಗೆ ಎರಡು ಕಾರಣಗಳಿದ್ದವು. ಒಂದು, ಖಾನಾಪುರದ ಮನೆಯಿಂದ ಉದ್ಯಮಬಾಗದ ಕಾರ್ಖಾನೆಗೆ ಇಷ್ಟು ವರ್ಷ ಓಡಾಡಿದರೂ ಸಂಜೆ ಆರರ ಬಸ್ಸನ್ನು ಒಮ್ಮೆಯೂ ತಪ್ಪಿಸಿಕೊಂಡಿರಲಿಲ್ಲ. ಇನ್ನೊಂದು, ನಮ್ಮ ಆಫೀಸಿನ ಕಂಪ್ಯೂಟರಿನಲ್ಲಿ ಕೈಕೊಟ್ಟ ಇ-ಮೇಲನ್ನು ನಾನೇ, ಒಬ್ಬಳೇ ಕುಳಿತು ಸರಿಮಾಡಿದೆ. ಈ ಎರಡನೆಯದನ್ನು ಈಗಾಗಲೇ ಬೀಗರಿಗೂ ಹಾಲಿನವಳಿಗೂ ಬಸ್ಸಿನಲ್ಲಿ ಬಾಜೂಕ್ಕೆ ಕುಳಿತವರಿಗೂ ಹೇಳಿಯಾಗಿದೆ. ನೀವು ಉಳಿದಿದ್ದಿರಿ.

ಬಸ್ಸು ತಪ್ಪದಿರುವುದರ ಗುಟ್ಟು ಗಡಿಯಾರ ಮುಂದಿಡುವುದರಲ್ಲಿದೆ. ಅದು ನಮ್ಮ ಮನೆತನದ ಪದ್ಧತಿ. ಪಡಸಾಲೆಯ ಗಡಿಯಾರ ಹತ್ತು ನಿಮಿಷ ಮುಂದೆ. ಅಡಿಗೆಮನೆಯದು ಕಾಲು ಗಂಟೆ ಮುಂದೆ, ಏಕೆಂದರೆ ಅತ್ತೆಯವರಿಗೆ ಪಡಸಾಲೆಯದರ ಮೇಲೆ ನಂಬಿಕೆಯಿಲ್ಲ. ಎಷ್ಟು ಗಂಟೆ ಎಂದು ಯಾರಾದರೂ ಕೇಳಿದರೆ, ಯಾವ ಗಡಿಯಾರ ನೋಡಿದೆವೆಂದು ನೆನಪು ಮಾಡಿಕೊಂಡು, ಕಳೆದು, ಆಮೇಲೆ ಉತ್ತರ ಹೇಳುತ್ತೇವೆ. ಕೊನೆಗೆ ಕಳೆಯುವುದೇ ಆದರೆ ಮುಂದಿಡುವುದೇಕೆ ಎಂದು ಹಲಸಿಯಲ್ಲಿರುವ ನನ್ನ ತವರಿನವರು ನಗುತ್ತಾರೆ. ಅವರ ಮನೆಯ ಗಡಿಯಾರ ಸರಿಯಾಗಿಯೇ ಇದೆ. ಎಲ್ಲ ಮದುವೆಗಳಿಗೂ ಅವರು ಮುಟ್ಟುವುದು ಊಟದ ಹೊತ್ತಿಗೆ. ಆದ್ದರಿಂದ ಅವರ ನಗುವನ್ನು ನಾನು ಲೆಕ್ಕಕ್ಕಿಡುವುದಿಲ್ಲ. ಆಫೀಸಿನ ಕಂಪ್ಯೂಟರನ್ನೂ ಸೇರಿದ ಹೊಸತರಲ್ಲೇ ಇಪ್ಪತ್ತೈದು ನಿಮಿಷ ಮುಂದಿಟ್ಟೆ. ಅಲ್ಲಿ ಎಲ್ಲರಿಗೂ ಇದು ಗೊತ್ತು. ಎಲ್ಲರೂ ಕಳೆದೇ ನೋಡುತ್ತಿದ್ದರು.

ನಮ್ಮ ಸಾಹುಕಾರರು ಅಪ್ಪಾಸಾಹೇಬರದು ಪಂಪಿನ ಭಾಗಗಳ ಎರಕ ಹೊಯ್ಯುವ ಸಣ್ಣ ಫೌಂಡ್ರಿ. ಪಾರಿಶ್ವಾಡದಲ್ಲಿ ಹೊಲವಿದೆ, ಶನಿವಾರ ಸಂಜೆ ಕಾರು ತೆಗೆದುಕೊಂಡು ಆ ಕಡೆ ಹೋಗುತ್ತಾರೆ. ಬಿಲ್ಲು, ಕೊಟೇಶನ್ನು, ಮೇಲು ಎಲ್ಲ ನನ್ನ ಪಾಲಿನದು. ಒಂದು ಶುಕ್ರವಾರ ಕಂಪ್ಯೂಟರಿನವನು ಬಂದು, ಹಳೆಯ ಆಪರೇಟಿಂಗ್ ಸಿಸ್ಟಂ ಇನ್ನು ನಡೆಯುವುದಿಲ್ಲವೆಂದು ಹೊಸದನ್ನು ಹಾಕಿ ಹೋದ. ಪರದೆ ಮೇಲೆ ಹೊಸ ಚಿತ್ರ, ಹೊಸ ಬಣ್ಣ. ಹೊಸ ಸೀರೆ ಉಟ್ಟ ಹಾಗಿತ್ತು. ಮಾರನೆಯ ದಿನ ಮೇಲ್ ತೆರೆದರೆ ಗ್ರಹಚಾರ ಶುರುವಾಯಿತು. ಪಾಸ್‌ವರ್ಡ್ ಕೇಳಿತು, ಕೊಟ್ಟೆ. ಸ್ವಾಗತ ಎಂದಿತು. ಅದರ ಬೆನ್ನಿಗೇ, ನಿಮ್ಮ ಅವಧಿ ಮುಗಿದಿದೆ, ಮತ್ತೆ ಒಳಗೆ ಬನ್ನಿ ಎಂದಿತು. ಬರ್ರಿ ಬರ್ರಿ ಎಂದು ಬಾಗಿಲು ತೆಗೆದು, ಕೂರುವ ಮೊದಲೇ ಹೊತ್ತಾಯಿತೆಂದು ಕುಂಕುಮದ ಬಟ್ಟಲು ಮುಂದೆ ಹಿಡಿದರೆ ಹೇಗಾಗುತ್ತದೋ ಹಾಗಾಯಿತು.

ಆ ಶನಿವಾರವೇ ಸಂಜೆ ಐದರೊಳಗೆ ಪುಣೆಯ ಗಿರಾಕಿಯೊಬ್ಬರಿಗೆ ಕೊಟೇಶನ್ ಮುಟ್ಟಬೇಕಿತ್ತು. ಕೆಲಸವಿಲ್ಲದೆ ನಮ್ಮ ಎರಡನೆಯ ಭಟ್ಟಿ ಆರಿ ಬಹಳ ದಿನವಾಗಿತ್ತು, ಅದರ ಮೇಲೆ ದುಡಿಯುವವರು ಮನೆಯಲ್ಲಿ ಕುಳಿತಿದ್ದರು. ಈ ಆರ್ಡರ್ ಬಂದರೆ ಮಾತ್ರ ಅದು ಮತ್ತೆ ಹೊತ್ತುವುದು. ನನ್ನ ಮೊಬೈಲಿನಿಂದ ಕಳಿಸೋಣವೆಂದರೆ, ಕಾರ್ಖಾನೆಯ ವಿಳಾಸದಿಂದ ಬಂದದ್ದನ್ನು ಮಾತ್ರ ತೆರೆಯುತ್ತೇವೆಂದು ಪುಣೆಯವರು ಮೊದಲೇ ತಾಕೀತು ಮಾಡಿದ್ದರು. ಕಂಪ್ಯೂಟರಿನವನು ಫೋನಿನಲ್ಲಿ ಸೋಮವಾರ ಬರುತ್ತೇನೆಂದ. ಪಾಸ್‌ವರ್ಡ್ ಬದಲಿಸಿದೆ. ಖಾತೆಯನ್ನು ತೆಗೆದು ಮತ್ತೆ ಸೇರಿಸಿದೆ. ಕಂಪ್ಯೂಟರನ್ನೇ ಆರಿಸಿ ಮತ್ತೆ ಹಚ್ಚಿದೆ. ಯಾರೂ ನೋಡದಾಗ ಕೈಮುಗಿದೆ ಕೂಡ. ಅಪ್ಪಾಸಾಹೇಬರು ಬಂದು ಹಿಂದೆ ನಿಂತರು. ಪರದೆಯ ಮೂಲೆಯಲ್ಲಿ ಐದಕ್ಕೆ ಇನ್ನು ಐದೇ ನಿಮಿಷ ಎಂದು ಕಂಡಾಗ ಮೆಲ್ಲಗೆ ಹೇಳಿದರು:

“ಅದನ್ನ ಬಿಡ್ರಿ ಬಾಯಾರ. ಪುಣೆಯವ್ರಿಗೆ ಫೋನ್ ಹಚ್ಚಿ ಹತ್ತ ಮಿನಿಟ್ ಕೇಳ್ರಿ.”

ಹಚ್ಚಿದೆ. ನನಗೆ ಬರುವ ಅಷ್ಟೂ ಮರಾಠಿಯಲ್ಲಿ ಗೋಗರೆದೆ. ಆ ಮನುಷ್ಯ ಸಮಾಧಾನವಾಗಿ ಕೇಳಿಸಿಕೊಂಡು, ಈಗಿನ್ನೂ ನಾಲ್ಕೂವರೆ, ಗಾಬರಿ ಯಾಕೆ ಎಂದರು.

ಗಾಬರಿಯಲ್ಲಿ ನಾನೂ ಸಾಹುಕಾರರೂ ಕಳೆಯುವುದನ್ನೇ ಮರೆತಿದ್ದೆವು. ಮರೆತದ್ದು ನೆನಪಾದ ಕೂಡಲೇ ಇನ್ನೊಂದೂ ಹೊಳೆಯಿತು: ನಾನಾದರೆ ಕಳೆಯುತ್ತೇನೆ, ಕಂಪ್ಯೂಟರಿಗೆ ಕಳೆಯಲು ಯಾರು ಕಲಿಸಿದ್ದಾರೆ? ಹಳೆಯ ಸಿಸ್ಟಂ ನನ್ನ ಗಡಿಯಾರವನ್ನು ನೋಡಿಯೂ ನೋಡದ ಹಾಗೆ ಇತ್ತು. ಹೊಸದು ಅದೇ ಗಡಿಯಾರವನ್ನು ಉಳಿಸಿಕೊಂಡಿದ್ದರೂ ಕಟ್ಟುನಿಟ್ಟಿನದು. ಇ-ಮೇಲ್ ಕಂಪನಿಯವರು ಒಳಗೆ ಬರಲು ಕೊಟ್ಟ ಅವಧಿ, ನನ್ನ ಗಡಿಯಾರದ ಪ್ರಕಾರ, ಕೊಡುವ ಮೊದಲೇ ಮುಗಿದುಹೋಗಿರುತ್ತಿತ್ತು. ಸಮಯವನ್ನು ತಾನೇ ಸರಿಮಾಡಿಕೊಳ್ಳುವ ಗುಂಡಿ ಒತ್ತಿದೆ. ಅಂಕಿಗಳು ಹಿಂದಕ್ಕೆ ಜಿಗಿದವು. ಪಾಸ್‌ವರ್ಡ್ ಕೊಟ್ಟೆ. ಎರಡು ದಿನದ ಮೇಲುಗಳು ದಬದಬ ಇಳಿದವು, ನಮ್ಮ ಕೊಟೇಶನ್ನು ಹೊರಟಿತು. ಹೆರಿಗೆ ಮಾಡಿಸಿದ ಸೂಲಗಿತ್ತಿಗೂ ಅಷ್ಟು ಸಂತೋಷವಾಗಿರಲಿಕ್ಕಿಲ್ಲ.

ಎಲ್ಲವನ್ನೂ ಕೇಳಿಸಿಕೊಂಡ ಅಪ್ಪಾಸಾಹೇಬರು ನಕ್ಕರು. “ಕೆಡಿಸಿದವ್ರೂ ನೀವ, ದುರಸ್ತಿ ಮಾಡಿದವ್ರೂ ನೀವ. ಹೊರಗಿನವ್ರನ್ನ ಕರಿಯೂದು ತಪ್ಪಿತು ಬಿಡ್ರಿ” ಎಂದರು. ಇದರ ಮೊದಲ ಭಾಗವನ್ನು ನಾನು ಬೇರೆಯವರಿಗೆ ಹೇಳುವುದಿಲ್ಲ.

ಆಮೇಲೆ ಸ್ಟೋರಿನವರಿಗೆ ಹೇಳಿದೆ, ಅಚ್ಚು ಮಾಡುವವರಿಗೆ ಹೇಳಿದೆ. ಒಬ್ಬರು ಮೇಲ್ ಎಂದರೇನೆಂದು ಕೇಳಿದ್ದರಿಂದ ಮೊದಲಿನಿಂದ ಹೇಳಬೇಕಾಯಿತು. ನಡುವೆ ಪರದೆ ನೋಡಿದೆ, ಐದು ಐವತ್ತು. ಇಪ್ಪತ್ತೈದು ಕಳೆದೆ. ಬೇಕಾದಷ್ಟು ಹೊತ್ತಿದೆಯೆಂದು ಇನ್ನೊಂದು ಸುತ್ತು ಹೇಳಿ, ಆರಾಮಾಗಿ ಚೀಲ ತೆಗೆದುಕೊಂಡು ಸ್ಟಾಪಿಗೆ ಬಂದರೆ ಭಜಿ ಅಂಗಡಿಯವನು ನಿಮ್ಮ ಬಸ್ಸು ಆಗಲೇ ಹೋಯಿತೆಂದ. ಕಳೆಯಬೇಕಾದಾಗ ಕಳೆಯದೆ, ಕಳೆಯಬಾರದಾಗ ಕಳೆದು, ಇಷ್ಟು ವರ್ಷದ ಕೀರ್ತಿ ಒಂದೇ ಸಂಜೆಯಲ್ಲಿ ಮಣ್ಣುಪಾಲಾಯಿತು. ನನಗೆ ಖರೇನೇ ಅಳು ಬಂತು.

ಆಗ ಅಪ್ಪಾಸಾಹೇಬರ ಫೋನು. ಪುಣೆಯವರು ದರ ಒಪ್ಪಿದ್ದಾರೆ, ಸೋಮವಾರ ಎರಡನೆಯ ಭಟ್ಟಿ ಹಚ್ಚುವುದು, ಎಲ್ಲ ನಿಮ್ಮ ದೆಸೆಯಿಂದ ಎಂದರು. ನನ್ನ ಎದೆ ಮತ್ತೆ ಉಬ್ಬಿತು. ಬಸ್ಸು ಸಿಕ್ಕಿತೇ ಎಂದು ಕೇಳಿದರು. ಇಂಥ ಹೊತ್ತಿನಲ್ಲಿ ಸಿಗಲಿಲ್ಲವೆನ್ನಲು ಬಾಯಿ ಬರಲಿಲ್ಲ.

“ಸಿಕ್ಕತ್ರೀ. ದೇಸೂರ ದಾಟಿದ್ವಿ” ಎಂದೆ.

“ಹೌದೇನ್ರಿ? ಇಲ್ಲಿ ಭಜಿ ಅಂಗಡಿ ಮುಂದ ಥೇಟ ನಿಮ್ಮಂಗ ಒಬ್ಬರು ನಿಂತಾರ. ಅವರಿಗೆ ಹೇಳ್ರಿ, ನಾ ಪಾರಿಶ್ವಾಡಕ್ಕ ಹೊಂಟೀನಿ, ಖಾನಾಪುರದಾಗ ಇಳಿಸ್ತೀನಂತ.”

ತಲೆಯೆತ್ತಿದರೆ ಎದುರಿಗೇ ಕಾರು. ತೆಪ್ಪಗೆ ಹೋಗಿ ಹತ್ತಿದೆ. ಬಸ್ಸಿನ ಮಾತು ಮತ್ತೆ ಬರಬಾರದೆಂದು ಮೇಲ್ ಸರಿಮಾಡಿದ ಕಥೆಯನ್ನು ಮೊದಲಿನಿಂದ ಶುರುಮಾಡಿದೆ. ಅವರು ಪಾಪ, ಎಲ್ಲವನ್ನೂ ಕಣ್ಣಾರೆ ಕಂಡವರು, ಖಾನಾಪುರದವರೆಗೂ ಹೂಂಗುಟ್ಟಿದರು. ನಾನಾದರೂ ಏನು ಮಾಡಲಿ? ಜಂಬಕ್ಕಿದ್ದ ಎರಡು ಕಾರಣಗಳಲ್ಲಿ ಈಗ ಉಳಿದಿರುವುದು ಅದೊಂದೇ.