ಬೋರ್ಡು ನಿಂತ ಹೊಲ

ಒಂದು ಕಾಳಿಗೂ ಇನ್ನೊಂದು ಕಾಳಿಗೂ ನಡುವೆ ಒಂದು ಗೇಣಿರಬೇಕೋ, ಒಂದೂಕಾಲು ಗೇಣಿರಬೇಕೋ ಎಂದು ಎರಡು ದೇಶಗಳ ಇಬ್ಬರು ಕೃಷಿ ವಿದ್ಯಾರ್ಥಿಗಳು ಮೂರು ವಾರ ಫೋನಿನಲ್ಲಿ ವಾದ ಮಾಡಿದರು. ಮೊದಲ ಮಳೆ ಯಾರ ಒಪ್ಪಿಗೆಗೂ ಕಾಯದೆ ಬಂದು ಹೋಯಿತು. ಹಾಗಾಗಿ, ಸಣ್ಣ ರೈತರಿಗೆ ಪಾಠ ಹೇಳಲೆಂದೇ ಮಲಾವಿಯ ಲಿಂಬಿಕಾನಿ ಹಾಕಿದ್ದ ಮೆಕ್ಕೆಜೋಳ ಮಾರ್ಚ್ ಬಂದರೂ ಅವನ ಸೊಂಟ ದಾಟಲಿಲ್ಲ.

ಇವತ್ತು ಬೆಳೆ ತೋರಿಸುವ ಕ್ಷೇತ್ರೋತ್ಸವ. ಗಡಿಯಾಚೆಯ ಝಾಂಬಿಯಾದಿಂದ ಜೊತೆಗಾರ ವಿದ್ಯಾರ್ಥಿಗಳೂ ಅವರ ಮ್ವಾಲೆ ಮೇಡಮ್ಮೂ ಹತ್ತು ಗಂಟೆಗೆ ಮಿನಿಬಸ್ಸಿನಲ್ಲಿ ಬರುವವರಿದ್ದರು. ಇಷ್ಟು ದಿನ ಫೋನಿನಲ್ಲಷ್ಟೇ ಜಗಳವಾಡಿದ್ದ ಝಲಿವೆಯೂ ಬರುತ್ತಾಳೆ! ಲಿಂಬಿಕಾನಿ ಆ ಸಂಭ್ರಮಕ್ಕೆ ಮೂರು ಸಲ ಶರ್ಟು ಬದಲಿಸಿ, ಕೊನೆಗೆ ಮೊದಲು ತೊಟ್ಟಿದ್ದನ್ನೇ ತೊಟ್ಟು ಹೊಲಕ್ಕೆ ಓಡಿದ.

ಹೊಲವಿತ್ತು, ಬೋರ್ಡು ಇರಲಿಲ್ಲ.

‘ಪಾಠದ ಹೊಲ’ ಎಂದು ಅವನೇ ಬರೆದ ಬೋರ್ಡು ದಾರಿಯಾಚೆ ಎನೆಲೆಸಿ ಅಜ್ಜಿಯ ಹೊಲದ ಮುಂದೆ ನಿಂತಿತ್ತು. ಅಲ್ಲಿನ ಜೋಳವೋ, ಮದುವೆಗೆ ಬಂದ ಗಂಡಿನ ಕಡೆಯವರ ಹಾಗೆ ತಲೆ ಎತ್ತಿ, ಮೀಸೆ ಬಿಟ್ಟುಕೊಂಡು ಬೀಗುತ್ತಿತ್ತು. ಪಕ್ಕದಲ್ಲಿ ಸುತ್ತಿಗೆ ಹಿಡಿದು ಊರ ಯಜಮಾನ ಚಿಸಾಲೆಯವರೂ ಬೀಗುತ್ತಿದ್ದರು.

“ಯಜಮಾನ್ರೇ, ಇದೇನ್ ಮಾಡಿದ್ರಿ?”

“ಊರ ಮಾನ ಉಳಿಸ್ದೆ ಕಣಯ್ಯಾ. ನಿನ್ನ ಹೊಲ ತೋರಿಸಿದ್ರೆ ಮೇಕೆಗೆ ಹುಲ್ಲು ಬೆಳೆದಿದ್ದೀರಾ ಅಂತ ಕೇಳ್ತಾರೆ.”

“ಅಜ್ಜಿಗೆ ಹೇಳಿದ್ರಾ?”

“ಹೇಳಿದ್ರೆ ಬಿಡ್ತಿದ್ಲಾ?”

ಲಿಂಬಿಕಾನಿ ಬೋರ್ಡನ್ನು ಅಪ್ಪಿ ಎಳೆದ. ಅದು ಜಗ್ಗಲಿಲ್ಲ. ಅಷ್ಟರಲ್ಲಿ ಹಾರನ್ ಕೇಳಿಸಿತು. ಹೆಂಗಸರು ಹಾಡುತ್ತ, ಕುಣಿಯುತ್ತ ಮಿನಿಬಸ್ಸನ್ನು ಸುತ್ತುವರಿದರು. ಬಾಗಿಲು ಪೂರ್ತಿ ತೆರೆಯುವ ಮೊದಲೇ ಝಲಿವೆ ಕೆಳಗೆ ಹಾರಿದಳು, ಜೋಳ ನೋಡಿ ನಿಂತುಬಿಟ್ಟಳು.

“ಏಯ್ ಲಿಂಬಿ! ಇಬ್ರೂ ಒಂದೇ ದಿನ ಬಿತ್ತಿದ್ದಲ್ವೇನೋ? ಇದೇನೋ, ಜಿರಾಫೆಗೆ ಮೇವು ಬೆಳೆದಿದ್ದೀಯಾ? ಏನ್ ಹಾಕ್ದೆ ಇದಕ್ಕೆ?”

ನಿಜ ಹೇಳೋಣವೆಂದು ಅವನು ಬಾಯಿ ತೆರೆದ. ಯಜಮಾನರು ಸುತ್ತಿಗೆಯ ಹಿಡಿಯಿಂದ ಬೆನ್ನಿಗೆ ತಿವಿದರು.

“ಪ್ರೀತಿ,” ಎಂದುಬಿಟ್ಟ ಲಿಂಬಿಕಾನಿ.

ಮ್ವಾಲೆ ಮೇಡಂ ಅದನ್ನೂ ನೋಟುಬುಕ್ಕಿನಲ್ಲಿ ಬರೆದುಕೊಂಡರು.

ಹಿಂದಿನಿಂದ ಒಂದು ದನಿ ಬಂತು. “ಮಗಾ, ನಂಗೂ ಒಸಿ ಹೇಳ್ಕೊಡಪ್ಪಾ. ಯಾವಾಗ ಬಿತ್ತಿದೆ?” ಎನೆಲೆಸಿ ಅಜ್ಜಿ ಗುದ್ದಲಿ ಊರಿಕೊಂಡು ನಿಂತಿದ್ದಳು.

“ಮಳೆ... ಬಂದಾಗ, ಅಜ್ಜಿ.”

“ಕಳೆ ಯಾವಾಗ ತೆಗ್ದೆ?”

“ಕಳೆ... ಬಂದಾಗ.”

ಊರವರು ಬಿದ್ದು ಬಿದ್ದು ನಕ್ಕರು. ಝಾಂಬಿಯಾದವರು ಅದೇನೋ ತಮಾಷೆಯೆಂದು ಅವರ ಜೊತೆ ಸೇರಿ ನಕ್ಕರು. ಮೇಡಂ ಚಪ್ಪಾಳೆ ತಟ್ಟಿದರು. “ಭೇಷ್! ಪಾಠದ ಹೊಲದ ಫಸಲು ಎಲ್ಲರಿಗೂ ಅಂತ ನಮ್ಮ ಒಪ್ಪಂದ. ಕೈಗೆ ಸಿಕ್ಕಷ್ಟು ತೆನೆ ಮುರ್ಕೊಳ್ಳಿ, ಸುಟ್ಟು ತಿನ್ನೋಣ!”

ನಲವತ್ತು ಜನ ಒಟ್ಟಿಗೆ ನುಗ್ಗಿದರು. ಅಜ್ಜಿಯ ನಾಲ್ವರು ಮೊಮ್ಮಕ್ಕಳ ಇಡೀ ವರ್ಷದ ಊಟ ಆ ಹೊಲದಲ್ಲೇ ಇತ್ತು. ಆದರೂ ಅಜ್ಜಿ ಯಾರನ್ನೂ ತಡೆಯಲಿಲ್ಲ. ಲಿಂಬಿಕಾನಿಯ ಮುಖವನ್ನೇ ನೋಡುತ್ತಿದ್ದಳು.

ಟಕ್. ಮೊದಲ ತೆನೆ ಮುರಿಯಿತು.

ಅವನಿಂದ ತಡೆಯಲಾಗಲಿಲ್ಲ. ಎರಡೂ ಕೈ ಚಾಚಿ ಜೋಳಕ್ಕೆ ಅಡ್ಡ ನಿಂತ. “ಮುಟ್ಬೇಡಿ! ಇದು ನಂದಲ್ಲ, ಅಜ್ಜೀದು! ನಂದು ಅಲ್ಲಿದೆ ನೋಡಿ, ಆ ಕುಳ್ಳದು!”

ಹಾಡು ನಿಂತಿತು. ಯಜಮಾನರು ಮೋಡ ನೋಡತೊಡಗಿದರು. ಮೇಡಂ ಕನ್ನಡಕ ತೆಗೆದು ದಾರಿಯಾಚೆಯ ಕುಳ್ಳ ಜೋಳವನ್ನೂ ಲಿಂಬಿಕಾನಿಯನ್ನೂ ಒಂದೊಂದು ಸಲ ನೋಡಿದರು. ಇದ್ದಕ್ಕಿದ್ದಂತೆ ಝಲಿವೆ ಹೊಟ್ಟೆ ಹಿಡಿದು ನಗುತ್ತ ನೆಲಕ್ಕೆ ಕುಳಿತಳು.

“ಮೇಡಂ, ಇವನನ್ನ ಬಯ್ಯಬೇಡಿ. ನಾನು ವಾರ ವಾರ ಕಳಿಸ್ತಿದ್ದ ಫೋಟೋನೂ ನಮ್ಮ ಸೋದರಮಾವನ ಹೊಲದ್ದೇ. ನಂದು ಮೊಣಕಾಲೂ ದಾಟಿಲ್ಲ!”

ಲಿಂಬಿಕಾನಿಗೆ ಕುಣಿಯುವಷ್ಟು ಹಿಗ್ಗಾಯಿತು. ಮರ್ಯಾದೆ ಹೋದರೆ ಹೋಯಿತು, ಹೋಗುವಾಗ ಜೊತೆಗೆ ಒಬ್ಬಳಿದ್ದಾಳಲ್ಲ!

ಮೇಡಂ ನೋಟುಬುಕ್ಕು ಮುಚ್ಚಿ ಅಜ್ಜಿಯ ಕಡೆ ತಿರುಗಿದರು. “ಅಮ್ಮಾ, ಕೊಯ್ಲು ಮುಗಿಯೋ ತನಕ ಇವರಿಗೆ ನೀವೇ ಪಾಠ ಹೇಳ್ಕೊಡ್ತೀರಾ?”

ಇಬ್ಬರೂ ಇಲ್ಲೇ, ಒಂದೇ ಹೊಲದಲ್ಲಿ! ಲಿಂಬಿಕಾನಿ ಅಜ್ಜಿಗಿಂತ ಮೊದಲು ತಾನೇ ತಲೆಯಾಡಿಸಿದ.

ಅಜ್ಜಿ ಇಬ್ಬರನ್ನೂ ಅಳೆದು ನೋಡಿದಳು. “ಹುಡುಗಿ ಇರ್ಲಿ. ಯಾರೂ ಕೇಳದೇ ಇದ್ರೂ ನಿಜ ಹೇಳಿದ್ಲು. ಇವನ ಬಾಯಿ ಬಿಡ್ಸೋಕೆ ನನ್ನ ಒಂದು ತೆನೆ ಹೋಯ್ತು. ಇವನನ್ನ ಅವಳ ಮಾವನ ಹತ್ರ ಕಳಿಸಿ.”

ಮಧ್ಯಾಹ್ನ ಮಿನಿಬಸ್ಸು ಹೊರಟಾಗ ಝಲಿವೆಯ ಸೀಟಿನಲ್ಲಿ ಲಿಂಬಿಕಾನಿ ಕುಳಿತಿದ್ದ. ಅವಳು ಅಜ್ಜಿಯ ಪಕ್ಕ ನಿಂತು ಎರಡೂ ಕೈ ಬೀಸಿದಳು. ಗಡಿ ತಲುಪುವ ಮೊದಲೇ ಅವನ ಫೋನು ಹೊಡೆದುಕೊಂಡಿತು.

“ನಾನು ಝಲಿವೆಯ ಮಾವ,” ಎಂದಿತು ಗಡಸು ದನಿ. “ಅವಳು ಎಲ್ಲಾ ಹೇಳಿದ್ಲು. ಬಾರಪ್ಪ, ಬಾ. ನಮ್ಮನೇಲಿ ಎಲ್ರೂ ಕೋಳಿ ಕೂಗೋ ಹೊತ್ತಿಗೆ ಏಳ್ತೀವಿ. ಆ ಕೋಳಿನ ಎಬ್ಬಿಸೋ ಕೆಲಸ ನಾಳೆಯಿಂದ ನಿಂದು.”