ಅಂದಾನಪ್ಪನ ಗಿಟಾರಿಗೆ ರೇಷ್ಮೆಯ ತಂತಿ

ಅಂದಾನಪ್ಪನ ಗಿಟಾರಿನ ಅತಿ ಸಣ್ಣ ತಂತಿ ಹರಿದದ್ದು ಭಾನುವಾರ ಬೆಳಿಗ್ಗೆ ಎಂಟು ಗಂಟೆಗೆ. ಅದು ಸುಮ್ಮನೆ ಹರಿಯಲಿಲ್ಲ. ಟಪ್ಪೆಂದು ಹಾರಿ ಅವನ ಮೂಗಿನ ಮೇಲೊಂದು ಗೀರು ಎಳೆದು, ಮುಂದಿದ್ದ ಉಪ್ಪಿಟ್ಟಿನ ತಾಟಿನಲ್ಲಿ ಹೋಗಿ ಕೂತಿತು. ಬೇರೆ ದಿನವಾಗಿದ್ದರೆ ಅವನು ತಂತಿ ತೆಗೆದಿಟ್ಟು ಉಪ್ಪಿಟ್ಟು ತಿನ್ನುತ್ತಿದ್ದ. ಆದರೆ ಅವತ್ತು ಸಂಜೆ ಐದಕ್ಕೆ ಹುನಗುಂದದಲ್ಲಿ ಅವನ ಪರೀಕ್ಷೆ ಇತ್ತು. ಬಾಗಲಕೋಟೆಯ ಖಾದರಬಾಷಾ ಅವರ ಆರ್ಕೆಸ್ಟ್ರಾ ಅಲ್ಲಿನ ಮದುವೆಯೊಂದಕ್ಕೆ ಬರುವುದಿತ್ತು. ಆಟಕ್ಕೆ ಮೊದಲು ಬಂದು ಬಾರಿಸಿ ತೋರಿಸಿದರೆ, ಸರಿ ಅನಿಸಿದಲ್ಲಿ ಸೇರಿಸಿಕೊಳ್ಳುತ್ತೇನೆ ಎಂದು ಅವರು ಬರೆದಿದ್ದ ಕಾರ್ಡನ್ನು ಅಂದಾನಪ್ಪ ಹದಿನೈದು ದಿನದಿಂದ ಅಂಗಿಯ ಕಿಸೆಯಲ್ಲಿಟ್ಟುಕೊಂಡು ಇಳಕಲ್ಲಿನ ಅರ್ಧ ಊರಿಗೆ ಓದಿ ಹೇಳಿದ್ದ.

ಅವನ ಓಣಿಯಲ್ಲಿ ಮನೆಗೊಂದು ಮಗ್ಗ. ಯಾರು ಏನು ಮಾತಾಡಿದರೂ ಅದು ಮಗ್ಗದ ಸಪ್ಪಳದಲ್ಲಿ ಮುಳುಗಿ ಹೋಗುವ ಓಣಿ ಅದು. ಹೀಗಾಗಿ ಹುಟ್ಟಿ ಮೂವತ್ತೆರಡು ವರ್ಷವಾದರೂ ತನ್ನ ಸಪ್ಪಳ ಯಾರಿಗೂ ಕೇಳಿಸಿಲ್ಲ ಎಂಬುದು ಅಂದಾನಪ್ಪನ ಹೊಟ್ಟೆಯ ಉರಿ. ಒಮ್ಮೆ, ಒಂದೇ ಒಮ್ಮೆ, ಸಾವಿರ ಮಂದಿ ತೆಪ್ಪಗೆ ಕೂತು ತನ್ನನ್ನು ಕೇಳಬೇಕು. ಹೆಂಡತಿ ಶಿವಬಸವ್ವನ ಲೆಕ್ಕ ಬೇರೆ ಇತ್ತು.

"ಇವತ್ತೊಂದು ದಿನ ನೋಡ್ತೇನಿ," ಅಂದಳು ಅವಳು, ಉಪ್ಪಿಟ್ಟಿನೊಳಗಿಂದ ತಂತಿಯನ್ನು ಎತ್ತಿ ತೆಗೆಯುತ್ತ. "ಅವ್ರು ಬ್ಯಾಡಂದ್ರ ಈ ಹಲಗಿ ಅಟ್ಟಕ್ಕ, ನೀವು ಮಗ್ಗಕ್ಕ."

ಹಲಗೆ ಅಂದದ್ದು ಅವನಿಗೆ ಚುಚ್ಚಿತು. ಅದು ಹಲಗೆಯಲ್ಲ, ಕೋಮೆಟ್ ನಂಬರ್ ತ್ರೀ. ಮುಂಬೈ ಬಂದರಿನಲ್ಲಿ ಕೆಲಸಕ್ಕಿದ್ದ ಶಿವಬಸವ್ವನ ತಮ್ಮ ಯಾವನೋ ಹಡಗಿನವನಿಂದ ಕೊಂಡು ತಂದುಕೊಟ್ಟದ್ದು. ಜೊತೆಗೆ ಒಂದು ಇಂಗ್ಲಿಷ್ ಪುಸ್ತಿಕೆಯೂ ಬಂದಿತ್ತು. ಅದರಲ್ಲಿದ್ದ ಕೋಮೆಟ್ ವಂಶದ ಚರಿತ್ರೆಯನ್ನು ಅಂದಾನಪ್ಪ ಡಿಕ್ಷನರಿ ಹಿಡಿದು ಬಾಯಿಪಾಠ ಮಾಡಿದ್ದ. ಮೊದಲು ಕಂಪನಿಯವರು ಶ್ರೀಮಂತರಿಗೆಂದು ನಂಬರ್ ಒನ್ ಮಾಡಿದರು, ಅದಕ್ಕೆ ಮೂಗುತಿ ಬುಗುಡಿ ಎಲ್ಲ ಬಂಗಾರದ ನೀರಿನದು. ಆಮೇಲೆ ಕಲಿಯುವ ಹುಡುಗರಿಗೆಂದು ನಂಬರ್ ಟೂ, ಅದು ಸೋವಿ. ನಡುವಿನ ಮಂದಿಯೂ ಇದ್ದಾರಲ್ಲ ಎಂದು ಅರವತ್ತೊಂಬತ್ತರಲ್ಲಿ ನಡುವಿನ ದರಕ್ಕೆ ನಂಬರ್ ತ್ರೀ ಹುಟ್ಟಿತು. ಎಪ್ಪತ್ತೆರಡರಲ್ಲಿ ಮುದುಕ ಮಾಲೀಕ ಸತ್ತ. ಮಕ್ಕಳು ಕಂಪನಿಯನ್ನು ಹೊಲಿಗೆ ಮಷೀನಿನವರಿಗೆ ಮಾರಿದರು. ಅಂದಿನಿಂದ ಗಿಟಾರಿನ ತಿರುಗಣಿಗಳು ಹೊಲಿಗೆ ಮಷೀನಿನವೇ ಆದವು. ಎಪ್ಪತ್ತೊಂಬತ್ತರಲ್ಲಿ ನಂಬರ್ ತ್ರೀ ನಿಂತೇಹೋಯಿತು. ಇದ್ದವರು ಒನ್ ಕೊಂಡರು, ಇಲ್ಲದವರು ಟೂ ಕೊಂಡರು, ನಡುವಿನ ಮಂದಿ ಅಂಗಡಿಯ ತನಕ ಬಂದು ದರ ಕೇಳಿ ಮನೆಗೆ ಹೋದರು. ಇದನ್ನು ಹೇಳುವಾಗ ಅಂದಾನಪ್ಪನ ಕಣ್ಣು ತುಂಬುತ್ತಿದ್ದವು. ಪುಸ್ತಿಕೆಯ ಮೊದಲ ಹನ್ನೊಂದು ಪುಟವೂ ಚರಿತ್ರೆ. ಗಿಟಾರು ಹೇಗೆ ಕೆಲಸ ಮಾಡುತ್ತದೆ ಎಂಬುದು ಹನ್ನೆರಡನೇ ಪುಟದಲ್ಲಿತ್ತು. ಆ ಪುಟದಲ್ಲಿ ಶಿವಬಸವ್ವನ ತಮ್ಮ ಮುಂಬೈಯಲ್ಲೇ ಭಜಿ ಕಟ್ಟಿಸಿಕೊಂಡು ತಿಂದಿದ್ದ.

ಹರಿದ ತಂತಿಗೆ ಬದಲು ಬೇಕೆಂದರೆ ಹುಬ್ಬಳ್ಳಿಗೆ ಹೋಗಬೇಕು. ಅಂದಾನಪ್ಪ ಸೈಕಲ್ ಅಂಗಡಿಗೆ ಓಡಿದ. ಅಲ್ಲಿ ಬ್ರೇಕಿನ ತಂತಿ ಬಿಟ್ಟು ಬೇರೇನೂ ಸಿಗಲಿಲ್ಲ. ಅರ್ಧ ತಾಸಿನ ಮೇಲೆ ಮನೆಗೆ ಬಂದು ನೋಡಿದರೆ ಪಕ್ಕದ ಮನೆಯ ಗುರುಸಿದ್ದವ್ವ ಗಿಟಾರನ್ನು ಬಚ್ಚಲ ಕಟ್ಟೆಯ ಮೇಲೆ ಮಲಗಿಸಿಕೊಂಡು, ಉಳಿದ ಐದು ತಂತಿಗಳನ್ನು ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದಳು. ನಾಲ್ಕು ಮಂದಿಯೊಳಗೆ ಹೋಗುವ ಸಾಮಾನು ಹೀಗೆ ಜಂಗು ಹಿಡಿದಿದ್ದರೆ ಓಣಿಯ ಮಾನ ಏನಾಗಬೇಕು ಎಂಬುದು ಅವಳ ವಾದ. ಅವಳು ತಿಕ್ಕಿದರೆ ತಾಮ್ರದ ಕೊಡದಲ್ಲಿ ಮುಖ ಕಾಣುತ್ತಿತ್ತು; ತಂತಿಗಳೂ ಹೊಳೆಯುತ್ತಿದ್ದವು. ಆದರೆ ಅಂದಾನಪ್ಪ ಶ್ರುತಿ ಮಾಡಲು ತಿರುಗಣಿ ಬಿಗಿದದ್ದೇ ತಡ, ಒಂದಾದ ಮೇಲೊಂದು ಮೂರು ತಂತಿ ಹರಿದವು.

ಆಗ ಎದುರು ಮನೆಯ ಕಾಶಪ್ಪ ಕಾಕಾ ಬಂದ. ಎಪ್ಪತ್ತರ ಈ ಮುದುಕ ನೇಯ್ಗೆಯಲ್ಲಿ ಓಣಿಗೇ ಗುರು. ಎಳೆ ಹರಿದಲ್ಲಿ ಕರೆಯಲಿ ಬಿಡಲಿ, ತಾನಾಗಿ ಹಾಜರಾಗುವ ಮನುಷ್ಯ. ಅವನು ಗಿಟಾರನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಬೆರಳಿನಿಂದ ಬಡಿದು, ತಂಬೂರಿಗೆ ಇರುವ ಹಾಗೆ ಇದಕ್ಕೆ ಹೊಟ್ಟೆಯೇ ಇಲ್ಲವಲ್ಲ, ಇಡೀ ಗಟ್ಟಿ ಕಟ್ಟಿಗೆ, ಇದೆಲ್ಲಿಂದ ಉಸಿರಾಡುತ್ತದೆ ಎಂದು ವಿಚಾರಿಸಿದ. ಕರೆಂಟಿನಿಂದ ಎಂದ ಅಂದಾನಪ್ಪ. ರೇಡಿಯೋದ ಹಿಂದೆ ವಾಯರು ಚುಚ್ಚಿದರೆ ರೇಡಿಯೋದೊಳಗಿಂದ ಅದು ಕೂಗುತ್ತಿದ್ದದ್ದು ಎಲ್ಲರಿಗೂ ಗೊತ್ತಿತ್ತು.

"ಮತ್ತ ಕೂಗೂದು ಕರೆಂಟಿನ ಕೆಲಸ ಅಂದಮ್ಯಾಲೆ ತಂತಿ ಯಾವುದಾದ್ರೇನೋ," ಅಂದ ಕಾಶಪ್ಪ. "ಸೀರಿ ಒಡಲಿಗೆ ಸೆರಗು ಕೊಂಡಿ ಹಾಕಿ ಕೂಡಸ್ತೀವಿ, ಎಲ್ಲ್ಯಾರ ಬಿಚ್ಚಿದ್ದು ನೋಡಿಯೇನು? ಇದಕ್ಕೂ ಹಂಗ ಕೂಡಸೂಣು. ಅಸಲಿ ಪಾಟ ರೇಷ್ಮಿ ಹುರಿ ಮಾಡಿ ಹಾಕಿದ್ರ ನಿನ್ನ ಮೊಮ್ಮಗ ಬಾರಸ್ತಾನ."

ಅಂದಾನಪ್ಪನಿಗೆ ಅನುಮಾನ ಇತ್ತು. ಆದರೆ ಅವನೂ ನೇಕಾರನೇ. ಹರಿದ ಎಳೆಗೆ ಎಳೆ ಕೂಡಿಸುವುದನ್ನು ಬೇಡ ಎನ್ನಲು ಅವನ ರಕ್ತ ಒಪ್ಪಲಿಲ್ಲ. ಕಾಶಪ್ಪ ತಂತಿಯ ಬುಡದಲ್ಲಿ ಉಳಿದಿದ್ದ ಉಗುರುದ್ದದ ಮೋಟುಗಳಿಗೆ ಕೊಂಡಿ ಹಾಕಿ, ನಾಲ್ಕು ಎಳೆ ರೇಷ್ಮೆಯನ್ನು ಹುರಿಗೊಳಿಸಿ ಎಳೆದು ಕೂಡಿಸಿದ. ಎರಡು ಕಬ್ಬಿಣ, ನಾಲ್ಕು ರೇಷ್ಮೆ. ನೋಡಲು ಅರ್ಧ ಬೋಳಿಸಿಕೊಂಡ ತಲೆಯಂತಿತ್ತು. ಇದು ಸರಿ ಕಾಣದು ಎಂದು ಗುರುಸಿದ್ದವ್ವ ಅಂದಳು, ಹೌದೆಂದು ಕಾಶಪ್ಪ ಉಳಿದೆರಡನ್ನೂ ಕತ್ತರಿಸಿಯೇ ಬಿಟ್ಟ. ಮಧ್ಯಾಹ್ನದ ಹೊತ್ತಿಗೆ ಆರೂ ತಂತಿ ದಾಳಿಂಬೆ ಬಣ್ಣದ ರೇಷ್ಮೆಯವಾಗಿ, ಗಂಜಿ ಕುಡಿದು, ಬಿಸಿಲಿಗೆ ಒಣಗಿ, ಮದುಮಗನ ಬಾಸಿಂಗದಂತೆ ಮಿರುಗುತ್ತಿದ್ದವು.

ಬಾರಿಸಿ ನೋಡೋಣವೆಂದರೆ ಬೆಳಿಗ್ಗೆ ಹೋದ ಕರೆಂಟು ಇನ್ನೂ ಬಂದಿರಲಿಲ್ಲ. ಕರೆಂಟಿಲ್ಲದಾಗ ಗಿಟಾರಿನ ದನಿ ಮೊದಲೂ ಸೊಳ್ಳೆಯಷ್ಟೇ ಇತ್ತು. ಈಗಲೂ ಸೊಳ್ಳೆಯಷ್ಟೇ ಇತ್ತು, ಸೊಳ್ಳೆಗೆ ಸ್ವಲ್ಪ ನೆಗಡಿಯಾಗಿತ್ತು ಅಷ್ಟೆ. ಕಾಶಪ್ಪ ಕಿವಿ ಹಚ್ಚಿ ಕೇಳಿ, ಕಬ್ಬಿಣಕ್ಕಿಲ್ಲದ ಮರ್ಯಾದೆ ರೇಷ್ಮೆಗಿದೆ ಎಂದು ತೀರ್ಪು ಕೊಟ್ಟ. ತಾವು ಮಾಡಿದ ಕೆಲಸ ನೋಡಬೇಕೆಂದು ಅವನೂ ಗುರುಸಿದ್ದವ್ವನೂ ಹುನಗುಂದದ ಬಸ್ಸು ಹತ್ತಿದರು. ಶಿವಬಸವ್ವ ಬರಲಿಲ್ಲ. ಅವಳು ಅಟ್ಟದ ಮೇಲೆ ಜಾಗ ಮಾಡುತ್ತಿದ್ದಳು.

ಹುನಗುಂದದಲ್ಲಿ ಮದುವೆಯ ಹಂದರದ ಒಂದು ತುದಿಗೆ ಸ್ಟೇಜು ಕಟ್ಟಿದ್ದರು. ಖಾದರಬಾಷಾ ಬಿಳಿ ಪ್ಯಾಂಟು, ಬಿಳಿ ಬೂಟು ಹಾಕಿಕೊಂಡು ವಾಯರುಗಳ ನಡುವೆ ಕುಕ್ಕರಗಾಲಿನಲ್ಲಿ ಕೂತಿದ್ದರು. ಹಾಡುವ ಮಲಿಕಾ ಮೇಡಂ ಕುರ್ಚಿಯಲ್ಲಿ ಕೂತು ಬಿಸಿ ಹಾಲು ಕುಡಿಯುತ್ತಿದ್ದರು. ಗಿಟಾರು ಚೀಲದಿಂದ ಹೊರಗೆ ಬಂದಾಗ ಬೀಗರ ಹೆಣ್ಣುಮಕ್ಕಳು ನಾಲ್ಕೈದು ಮಂದಿ ಹತ್ತಿರ ಬಂದು ತಂತಿ ಮುಟ್ಟಿ ನೋಡಿದರು. ಖಾದರಬಾಷಾ ವಾಯರು ಚುಚ್ಚಿ, ಬಾರಿಸು ಎಂದು ಸನ್ನೆ ಮಾಡಿದರು.

ಅಂದಾನಪ್ಪ ಕಣ್ಣು ಮುಚ್ಚಿ ಬಾರಿಸಿದ. ಏನೂ ಕೇಳಿಸಲಿಲ್ಲ.

ಖಾದರಬಾಷಾ ಸೌಂಡು ಏರಿಸಿದರು. ಸ್ಪೀಕರಿನ ದೊಡ್ಡ ಡಬ್ಬಿ ಗುಂಯ್ ಎಂದಿತು, ಗಿಟಾರು ಏನೂ ಅನ್ನಲಿಲ್ಲ. ಕೊನೆಯ ತನಕ ತಿರುಗಿಸಿದರು. ಪಕ್ಕದ ಅಡಿಗೆ ಮನೆಯಲ್ಲಿ ಯಾರೋ ಕೆಮ್ಮಿದ್ದು ಕೂಡ ಕೇಳಿತು, ಅಂದಾನಪ್ಪ ಮಾತ್ರ ಕೇಳಿಸಲಿಲ್ಲ. ಅವನು ಬಿಡಲಿಲ್ಲ. ತಲೆ ಅಲ್ಲಾಡಿಸುತ್ತ, ಮೊಣಕಾಲು ಬಗ್ಗಿಸುತ್ತ, ಹತ್ತು ನಿಮಿಷ ಬೆವರು ಸುರಿಸಿ ಬಾರಿಸಿದ. ಖಾದರಬಾಷಾ ವಾಯರು ಬದಲಿಸಿದರು, ಡಬ್ಬಿಗೆ ಒದ್ದರು, ಕೊನೆಗೆ ಬಗ್ಗಿ ತಂತಿ ಮುಟ್ಟಿ ನೋಡಿ ಹಣೆ ಬಡಿದುಕೊಂಡರು. ಗುರುಸಿದ್ದವ್ವನ ಬಳೆಯಲ್ಲಿದ್ದ ಪಿನ್ನು ಇಸಿದುಕೊಂಡು ತಂತಿಯ ಕೆಳಗಿನ ಕರಿಯ ಪಟ್ಟಿಗೆ ಹಿಡಿದರು. ಪಿನ್ನು ಟಕ್ಕನೆ ಅಂಟಿಕೊಂಡಿತು.

"ಇದು ಆಯಸ್ಕಾಂತ ಐತಿ ತಮ್ಮಾ. ಮ್ಯಾಲಿನ ಕಬ್ಬಿಣ ನಡುಗಿದ್ರ ಇದಕ್ಕ ಗೊತ್ತಾಗತೈತಿ. ರೇಷ್ಮಿ ನಡುಗಿದ್ರ ಇದಕ್ಕೇನು ಗೊತ್ತಾಗಬೇಕು?"

"ಹಂಗಾರ ಆ ಆಯಸ್ಕಾಂತ ಬದಲಿ ಮಾಡ್ರಿ ಸಾಹೇಬ್ರ," ಅಂದ ಕಾಶಪ್ಪ. "ಹುರಿಯೊಳಗ ತಪ್ಪಿಲ್ಲ."

ಅಂದಾನಪ್ಪ ವಾಯರು ಕಿತ್ತು, ಚೀಲ ಬಿಚ್ಚಿ, ಕೋಮೆಟ್ ನಂಬರ್ ತ್ರೀಯನ್ನು ಅದರೊಳಗೆ ತೂರಿಸತೊಡಗಿದ. ಆಗ ಮಲಿಕಾ ಮೇಡಂ ಹಾಲಿನ ಲೋಟ ಕೆಳಗಿಟ್ಟರು.

"ಬಾಷಾ ಅವ್ರ, ಇವ್ರನ್ನ ತಗೋರಿ."

"ಏನು ಕೇಳಿದ್ರಿ ಅಂತ ನಾ ತಗೊಳ್ಳಲಿ?"

"ಏನೂ ಕೇಳಲಿಲ್ಲ, ಅದಕ್ಕ. ಮದುವಿಯವ್ರಿಗೆ ಸ್ಟೇಜಿನ ಮ್ಯಾಲ ಗಿಟಾರ ಬೇಕು. ನೀವು ತಂದ ಮೂರೂ ಮಂದಿ ಗಿಟಾರದವ್ರು ನಾ ಬಾಯಿ ತೆರಿಯೂದರೊಳಗ ಸುರು ಮಾಡೋರು. ನನ್ನ ಹಾಡು ನನಗ ಕೇಳತಿದ್ದಿಲ್ಲ. ಇವ್ರು ನೋಡ್ರಿ, ತಲಿ ಎಷ್ಟು ಚಂದ ಅಲ್ಲಾಡಸ್ತಾರ."

ಖಾದರಬಾಷಾ ಎರಡು ಕ್ಷಣ ಗಡ್ಡ ಕೆರೆದುಕೊಂಡರು. ಹಿಂದಿನ ಮೂವರ ಜಗಳಗಳು ಅವರ ಕಣ್ಣ ಮುಂದೆ ಹಾದಿರಬೇಕು. ಇವತ್ತಿನಿಂದಲೇ ನಿಂತುಕೋ, ಆದರೆ ಕಬ್ಬಿಣದ ತಂತಿ ಹಾಕಿದ ದಿನ ನಿನ್ನ ಕೆಲಸ ಮುಗಿಯಿತು ಎಂದು ಅವರು ಕೈ ಕುಲುಕಿದರು. ಇಂಥ ಕಲಾವಿದ ಎಲ್ಲಿ ಸಿಗುತ್ತಾನೆ ಎಂದು ಕಾಶಪ್ಪ ಅಲ್ಲಿದ್ದವರಿಗೆಲ್ಲ ಹೇಳತೊಡಗಿದ. ಮಲಿಕಾ ಮೇಡಂ ಎದ್ದು ಬಂದು, ಬೆರಳ ತುದಿಯಿಂದ ಆರೂ ತಂತಿಗಳನ್ನು ಸೀರೆ ನೋಡಿದಂತೆ ಸವರಿ ನೋಡಿದರು.

"ಭಾಳ ಚಲೋ ರೇಷ್ಮಿ. ಬುಧವಾರ ಬಾದಾಮಿಗೆ ಹಸಿರು ಸೀರಿ ಉಡ್ತೇನಿ. ಮ್ಯಾಚಿಂಗ್ ಮಾಡ್ಕೊಂಡು ಬರ್ರಿ."

"ಯಾವ ಹಸಿರರಿ ಯವ್ವಾ," ಅಂದಳು ಗುರುಸಿದ್ದವ್ವ, "ಗಿಳಿ ಹಸಿರೋ, ಎಲಿ ಹಸಿರೋ?" ಕಾಶಪ್ಪ ಆಗಲೇ ಗೇಣು ಹಾಕಿ ತಂತಿಯ ಅಳತೆ ತೆಗೆದುಕೊಳ್ಳುತ್ತಿದ್ದ.

ಅಂದಾನಪ್ಪ ಬಾಯಿ ತೆರೆದು ಏನೋ ಅಂದ. ಅಷ್ಟರಲ್ಲಿ ಡ್ರಮ್ಮಿನವನು ಶುರು ಮಾಡಿದ್ದರಿಂದ ಅದು ಯಾರಿಗೂ ಕೇಳಿಸಲಿಲ್ಲ.